ಇಂಪ್ಲಾಂಟ್ ಹಾಕಿಸಿದ ಮೇಲೆ ಊಟ: ಮೊದಲ ವಾರಕ್ಕಿಂತ ನಾಲ್ಕನೇ ವಾರ ಹುಷಾರು

ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಕೂರಿಸುವ ಸ್ಕ್ರೂ, ಅದೇ ಇಂಪ್ಲಾಂಟ್, ಅದನ್ನು ಹಾಕಿ, ಹತ್ತಿ ಕಚ್ಚಿಸಿ, ಮಾತ್ರೆ ಬರೆಯುವಷ್ಟರಲ್ಲಿ ಜೊತೆಗೆ ಬಂದವರು ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ಪಥ್ಯ ಏನಾದ್ರೂ ಇದೆಯಾ?" ಇದೆ. ಆದರೆ ನಮ್ಮ ಜನ ಮೊದಲ ವಾರ ಬೇಕಾದ್ದಕ್ಕಿಂತ ಜಾಸ್ತಿ ಕಟ್ಟುನಿಟ್ಟು ಮಾಡುತ್ತಾರೆ. ನೋವು ಹೋಯಿತು ಅಂದ ಕೂಡಲೇ ಎಲ್ಲ ಬಿಟ್ಟುಬಿಡುತ್ತಾರೆ. ಇಂಪ್ಲಾಂಟ್‌ಗೆ ಬೇಕಿರುವುದು ಹೆಚ್ಚುಕಡಿಮೆ ಇದರ ಉಲ್ಟಾ.

ಮೊದಲ ದಿನದ ವಿಷಯ ಬೇಗ ಮುಗಿಸಿಬಿಡೋಣ. ಕೆಳದವಡೆಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಬಿಸಿ ಕಾಫಿ ಬೇಡ, ತುಟಿ ಸುಟ್ಟರೂ ಗೊತ್ತಾಗುವುದಿಲ್ಲ. ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿ ಕೂರಬೇಕು. ಅದಕ್ಕೇ 24 ಗಂಟೆ ಬಾಯಿ ಮುಕ್ಕಳಿಸುವುದು, ಪದೇ ಪದೇ ಉಗಿಯುವುದು, ಸ್ಟ್ರಾ ಹಾಕಿ ಎಳೆಯುವುದು ಬೇಡ. ಎಳನೀರು ಕುಡಿಯಿರಿ, ಆದರೆ ಲೋಟಕ್ಕೆ ಬಗ್ಗಿಸಿಕೊಂಡು. ತಣ್ಣನೆಯ ಮಜ್ಜಿಗೆ, ಆರಿದ ರಾಗಿ ಅಂಬಲಿ, ಹಿಚುಕಿದ ಬಾಳೆಹಣ್ಣು ಆಗುತ್ತವೆ. ಐಸ್‌ಕ್ರೀಮ್ ತಿನ್ನಬಹುದಾ ಅಂತ ದೊಡ್ಡವರೂ ಸ್ವಲ್ಪ ನಾಚಿಕೊಂಡೇ ಕೇಳುತ್ತಾರೆ. ತಿನ್ನಬಹುದು. ಗೋಡಂಬಿ, ಬಾದಾಮಿ ಚೂರು ಇರಬಾರದು, ಕೋನ್ ಬೇಡ.

ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಬೇರೆ ಮಾತು. ಬಾಯಿ ನೋವು ಅಂತ ಊಟ ಬಿಟ್ಟು, ಇನ್ಸುಲಿನ್ ಅಥವಾ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡರೆ ಶುಗರ್ ಇಳಿದು ತಲೆ ಸುತ್ತಿ ಬೀಳಬಹುದು. ಇಡೀ ದಿನ ಗಂಜಿ, ಜ್ಯೂಸ್‌ನಲ್ಲೇ ಕಳೆದರೆ ಏರುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಯಾವುದನ್ನು ಎಷ್ಟು ತಿನ್ನಬೇಕು ಎಂದು ನಿಮ್ಮ ಶುಗರ್ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಎರಡನೇ ದಿನದಿಂದ ಮನೆಯ ಹಿರಿಯರ ಪಥ್ಯ ಶುರು. ಮೊಸರು ತಿಂದರೆ ಕೀವಾಗುತ್ತೆ. ಬದನೆಕಾಯಿ ನಂಜು, ಬೇಳೆ ನಂಜು, ಮೊಟ್ಟೆ ಉಷ್ಣ. ಎಲ್ಲ ಕಳೆದು ಉಳಿಯುವುದು ಬ್ರೆಡ್ಡು ಮತ್ತು ಹಾಲು. ವಾರಪೂರ್ತಿ ಇದನ್ನೇ ತಿಂದು, ಸೋತ ಮುಖ ಹೊತ್ತು ಹೊಲಿಗೆ ಬಿಚ್ಚಿಸಲು ಬರುತ್ತಾರೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ಮೊಸರಿನಿಂದಲ್ಲ. ವಸಡು ಕೂಡಲು ಪ್ರೋಟೀನ್ ಬೇಕು, ಅದನ್ನೇ ನಂಜು ಅಂತ ತಟ್ಟೆಯಿಂದ ತೆಗೆದುಬಿಟ್ಟರೆ ಹೇಗೆ? ಹೆಸರುಬೇಳೆ ತೊವ್ವೆ ಹಾಕಿ ಮೆತ್ತಗೆ ಕಲಸಿದ ಅನ್ನ, ಮೊಸರನ್ನ, ಮೆತ್ತನೆ ಇಡ್ಲಿ, ಪನೀರ್ ಪುಡಿ, ಮೊಟ್ಟೆ ತಿನ್ನುವವರಿಗೆ ಬೇಯಿಸಿ ಹಿಚುಕಿದ ಮೊಟ್ಟೆ, ಮೀನು ತಿನ್ನುವವರಿಗೆ ಮುಳ್ಳು ಬಿಡಿಸಿದ ಮೀನು. ಇಷ್ಟು ಸಾಕು. ನಿಮಗೆ ಮೊದಲಿಂದಲೂ ಅಲರ್ಜಿ ಇರುವ ಪದಾರ್ಥ ಇದ್ದರೆ ಅದನ್ನು ಬಿಡಿ, ಅಷ್ಟೇ.

ಬಿಡಲೇಬೇಕಾದ್ದು ಒಂದಿದೆ, ಅದನ್ನು ಯಾರೂ ಬಿಡುವುದಿಲ್ಲ: ಒಗ್ಗರಣೆ. ಏಳನೇ ದಿನವೋ ಹತ್ತನೇ ದಿನವೋ ಹೊಲಿಗೆ ಬಿಚ್ಚುವಾಗ ದಾರದ ಗಂಟಿನ ಕೆಳಗೆ ಕಪ್ಪಗೆ ಏನೋ ಕಾಣುತ್ತದೆ. ಚಿಮಟದಲ್ಲಿ ಎತ್ತಿದರೆ ಸಾಸಿವೆ ಕಾಳು. ಸುತ್ತಲಿನ ವಸಡು ಕೆಂಪಗೆ ಊದಿಕೊಂಡಿರುತ್ತದೆ. ಮೊಸರನ್ನ ಮಾಡಿ, ಅದಕ್ಕೆ ಚೆನ್ನಾಗಿ ಸಾಸಿವೆ ಸಿಡಿಸಿ ಹಾಕಿದ ಮೇಲೆ ಇನ್ನೇನಾಗುತ್ತದೆ? ಎಳ್ಳು, ಗಸಗಸೆ, ಸೀಬೆಹಣ್ಣಿನ ಬೀಜ, ಸಣ್ಣ ರವೆ, ಮಂಡಕ್ಕಿಯ ಚೂರು ಎಲ್ಲ ಇದೇ ಜಾತಿ. ಹೊಲಿಗೆ ಬಿಚ್ಚುವವರೆಗೆ ಒಗ್ಗರಣೆ ಇಲ್ಲದ ಊಟ ಸಪ್ಪೆ, ನಿಜ. ತಡೆದುಕೊಳ್ಳಿ.

ಹಳೇ ಮೈಸೂರು ಕಡೆಯವರಿಗೆ ನಾನು ಖುಷಿಯಿಂದ ಹೇಳುವ ಊಟ ಒಂದಿದೆ, ಮುದ್ದೆ. ಅಗಿಯದೆ ನುಂಗುವ ಊಟ ಅದು. ಹಲ್ಲಿಗೆ ಕೆಲಸವೇ ಇಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಪ್ರೋಟೀನ್ ಮಾತ್ರ ಏಳು ಗ್ರಾಂ ಆಸುಪಾಸು, ಹಾಗಾಗಿ ರಾಗಿ ಒಂದನ್ನೇ ನೆಚ್ಚಿಕೊಳ್ಳಬೇಡಿ, ಜೊತೆಗೆ ಬೇಳೆ ಹಿಚುಕಿ ಹಾಕಿದ ಸಾರು ಇರಲಿ. ಮೂರನೇ ದಿನದಿಂದ, ಉಗುರು ಬೆಚ್ಚಗಾದ ಮೇಲೆ, ಖಾರ ಕಮ್ಮಿ ಮಾಡಿ ಊಟ ಮಾಡಿ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಗೆ ಈ ರಿಯಾಯಿತಿ ಇಲ್ಲ. ಬಿಸಿ ರೊಟ್ಟಿಯ ಮೆತ್ತನೆ ಭಾಗವನ್ನು ಹಾಲಿನಲ್ಲಿ ನೆನೆಸಿ, ಹಿಚುಕಿ, ಇನ್ನೊಂದು ಬದಿಯಲ್ಲಿ ತಿನ್ನಬಹುದು.

ಈಗ ನಾಲ್ಕನೇ ವಾರದ ವಿಷಯ. ಸ್ವೀಡನ್ನಿನ ಬ್ರೊನೆಮಾರ್ಕ್ ಎಂಬ ವೈದ್ಯರು 1965ರಲ್ಲಿ ಮನುಷ್ಯನ ದವಡೆಗೆ ಮೊದಲ ಟೈಟೇನಿಯಂ ಇಂಪ್ಲಾಂಟ್ ಕೂರಿಸಿದರು. ಮೂಳೆ ಟೈಟೇನಿಯಂ ಜೊತೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದೇ ಈ ಚಿಕಿತ್ಸೆಯ ತಳಪಾಯ. ಆದರೆ ಬೆಸುಗೆ ಆ ದಿನವೇ ಆಗುವುದಿಲ್ಲ. ಹಾಕಿದ ದಿನ ಸ್ಕ್ರೂ ಗಟ್ಟಿಯಾಗಿ ನಿಂತಿರುವುದು ಹಳೇ ಮೂಳೆಯ ಬಿಗಿತದಿಂದ. ಕೊರೆದಾಗ ಪೆಟ್ಟಾದ ಆ ಮೂಳೆಯನ್ನು ದೇಹ ಕರಗಿಸುತ್ತಾ, ಹೊಸದನ್ನು ಕಟ್ಟುತ್ತಾ ಹೋಗುತ್ತದೆ. ಹೊಸದು ಗಟ್ಟಿಯಾಗುವ ಮುಂಚೆ, ಮೂರು ನಾಲ್ಕನೇ ವಾರದ ಹೊತ್ತಿಗೆ, ಇಂಪ್ಲಾಂಟ್ ಹಾಕಿದ ದಿನಕ್ಕಿಂತ ಸಡಿಲವಾಗಿರುತ್ತದೆ. ಆಗ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಅಲುಗಾಡುತ್ತಿದ್ದರೆ ಸುತ್ತ ಮೂಳೆಯ ಬದಲು ನಾರು ಬೆಳೆಯುವ ಅಪಾಯವಿದೆ.

ತಮಾಷೆ ನೋಡಿ, ಆ ಹೊತ್ತಿಗೆ ಊತ, ನೋವು ಎಲ್ಲ ಹೋಗಿರುತ್ತದೆ. "ಏನೂ ತೊಂದರೆ ಇಲ್ಲ ಡಾಕ್ಟ್ರೇ, ನಿನ್ನೆ ಕೋಡುಬಳೆ ತಿಂದೆ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ತೊಂದರೆ ಆದರೂ ಕೂಡಲೇ ಗೊತ್ತಾಗುವುದಿಲ್ಲ. ಹುಟ್ಟಿನಿಂದ ಬಂದ ಹಲ್ಲಿನ ಬೇರಿನ ಸುತ್ತ ಒಂದು ತೆಳು ಪದರ ಇರುತ್ತದೆ, ಕಲ್ಲು ಸಿಕ್ಕರೆ ಥಟ್ಟನೆ ಬಾಯಿ ತೆರೆಯುವುದು ಅದರಿಂದ. ಇಂಪ್ಲಾಂಟ್‌ಗೆ ಅದಿಲ್ಲ. ಎಷ್ಟು ಜೋರಾಗಿ ಕಚ್ಚುತ್ತಿದ್ದೀರಿ ಅನ್ನುವುದು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ.

ಹಾಗಾಗಿ ನನ್ನ ಪಥ್ಯ ಆರರಿಂದ ಎಂಟು ವಾರ. ಚಕ್ಕುಲಿ, ನಿಪ್ಪಟ್ಟು, ಕಬ್ಬು, ಹುರಿಗಡಲೆ, ಮಟನ್ ಮೂಳೆ ಆ ಬದಿಗೆ ಹೋಗಕೂಡದು. ಚಪಾತಿ, ದೋಸೆ, ಪಲ್ಯ, ಬೆಂದ ತರಕಾರಿ ಧಾರಾಳವಾಗಿ ತಿನ್ನಿ, ಇನ್ನೊಂದು ಬದಿಯಲ್ಲಿ. "ಮೂರೇ ದಿನದಲ್ಲಿ ಹಲ್ಲು" ಅಂತ ಇಂಪ್ಲಾಂಟ್ ಮೇಲೆ ಕೂಡಲೇ ಕ್ಯಾಪ್ (ಕೃತಕ ಹಲ್ಲು) ಹಾಕಿಸಿಕೊಂಡವರು ಇನ್ನೂ ಹುಷಾರಾಗಿರಬೇಕು. ಆ ಹಲ್ಲು ಸದ್ಯಕ್ಕೆ ನಗುವುದಕ್ಕೆ, ಕಚ್ಚುವುದಕ್ಕಲ್ಲ. ಎಲೆ-ಅಡಿಕೆ, ಗುಟ್ಕಾ, ಸಿಗರೇಟಿನ ಬಗ್ಗೆ ಬೇರೆ ಹೇಳಬೇಕಾ? ಹೊಗೆ ವಸಡಿಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡುತ್ತದೆ, ಅಡಿಕೆ ಕಚ್ಚುವ ಬಲ ಇಂಪ್ಲಾಂಟ್‌ಗೆ ಕೋಡುಬಳೆಗಿಂತ ಕೆಟ್ಟದ್ದು.

ಮಧ್ಯದಲ್ಲಿ ಏನೋ ಅಲುಗಾಡಿದ ಹಾಗೆ ಅನಿಸಿದರೆ ನಾಲಿಗೆಯಿಂದ ತಳ್ಳಿ ನೋಡುತ್ತಾ ಕೂರಬೇಡಿ. ಹಲವು ಸಲ ಸಡಿಲವಾಗಿರುವುದು ಇಂಪ್ಲಾಂಟ್‌ಗೆ ತಿರುಗಿಸಿ ಕೂರಿಸಿದ, ವಸಡಿನ ಮೇಲೆ ಕಾಣುವ ಪುಟ್ಟ ಮುಚ್ಚಳ ಮಾತ್ರ. ಅದನ್ನು ಬಿಗಿಗೊಳಿಸಲು ಐದು ನಿಮಿಷ ಸಾಕು. ಇಂಪ್ಲಾಂಟೇ ಅಲುಗಾಡುತ್ತಿದ್ದರೆ ಸಾಮಾನ್ಯವಾಗಿ ತೆಗೆದು, ಮೂಳೆ ತುಂಬಲು ತಿಂಗಳುಗಟ್ಟಲೆ ಕಾದು, ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಗೊತ್ತಾಗುವುದಿಲ್ಲ. ಆ ದಿನವೇ ಬಂದು ತೋರಿಸಿ, ಬರುವವರೆಗೆ ಆ ಬದಿಯಲ್ಲಿ ಏನನ್ನೂ ಅಗಿಯಬೇಡಿ.