ಪದ ಪರಿಚಯ: ವೈರಿನ ಕರೆಂಟ್ ಮಿತಿ

ಸೋಲಾರ್ ಹಾಕಿಸುವವರು ಪ್ಯಾನೆಲ್ ಎಷ್ಟು ವಾಟಿನದು, ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ ಎಂದೆಲ್ಲ ವಿಚಾರಿಸುತ್ತಾರೆ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ವೈರು ಎಷ್ಟು ದಪ್ಪ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ಹೊದಿಕೆ ಕೆಡದಂತೆ ಒಂದು ವೈರು ಎಡೆಬಿಡದೆ ಎಷ್ಟು ಆಂಪಿಯರ್ ಹೊರಬಲ್ಲದೋ ಅದೇ ಅದರ ಕರೆಂಟ್ ಮಿತಿ. ಕರೆಂಟ್ ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿವರೆಗೆ. ಹಾಗಾಗಿ ವೈರು ಹಾಯುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಉಡುಪಿ, ಮಂಗಳೂರಿನ ಕಡೆ ಟೆರೇಸಿನ ಮೇಲೆ ತಗಡಿನ ಶೀಟ್ ಹಾಕಿಸುವುದು ರೂಢಿ. ಏಪ್ರಿಲ್ ಮಧ್ಯಾಹ್ನ ಆ ಶೀಟಿನಡಿಯ ಪೈಪಿನಲ್ಲಿ ಒತ್ತೊತ್ತಾಗಿ ತುರುಕಿದ ವೈರುಗಳು ಕಂಪನಿಯ ಪಟ್ಟಿಯಲ್ಲಿರುವಷ್ಟು ಕರೆಂಟನ್ನು ಹೊರಲಾರವು.

ಲೆಕ್ಕ ಹೀಗೆ. 3000 ವಾಟಿನ ಲೋಡಿಗೆ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಸಾಕು. ಅದೇ ಲೋಡನ್ನು 24 ವೋಲ್ಟಿನ ಬ್ಯಾಟರಿ ಹೊರಬೇಕಾದರೆ 125 ಆಂಪಿಯರ್. ಇನ್ವರ್ಟರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ 139ರ ಆಸುಪಾಸು. ಬ್ಯಾಟರಿ ಎರಡೇ ಮೀಟರ್ ದೂರದಲ್ಲಿದೆ ಎಂದು 6 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ಹೋಗಿಬರುವ ನಾಲ್ಕು ಮೀಟರಿನಲ್ಲಿ ಸುಮಾರು 1.6 ವೋಲ್ಟ್ ಕಳೆದುಹೋಗುತ್ತದೆ. ಅಂದರೆ ಗೋಡೆಯ ಮೇಲಿನ ಆ ವೈರು 220 ವಾಟಿನ ಹೀಟರ್! ಅಲ್ಲಿಗೆ ಬೇಕಾದದ್ದು ಕಿರುಬೆರಳು ದಪ್ಪದ, 70 ಚದರ ಮಿಲಿಮೀಟರಿನ ಕೇಬಲ್. 48 ವೋಲ್ಟಿನ ಬ್ಯಾಟರಿಯಾದರೆ ಕರೆಂಟ್ ಅರ್ಧಕ್ಕಿಳಿಯುತ್ತದೆ. ಹೊಸದಾಗಿ ಹಾಕಿಸುವವರಿಗೆ ನಾನು ಹೇಳುವುದು 48 ವೋಲ್ಟೇ.

ಇನ್ನು ಬ್ರೇಕರ್, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್. ಅದು ಇರುವುದು ಫ್ರಿಜ್ಜನ್ನೋ ಟಿವಿಯನ್ನೋ ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ಲೋಡಿನ ಕರೆಂಟಿಗಿಂತ ಬ್ರೇಕರ್ ದೊಡ್ಡದಿರಬೇಕು, ವೈರಿನ ಮಿತಿಯನ್ನು ಮಾತ್ರ ಮೀರಬಾರದು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ರಾತ್ರಿಯಿಡೀ ಬ್ಯಾಟರಿಯೇ ಗತಿ. ಹೀಗೆ ತಾಸುಗಟ್ಟಲೆ ಓಡುವ ಲೋಡಿಗೆ ಶೇಕಡಾ 25ರಷ್ಟು ಹೆಚ್ಚು ಹಿಡಿಯುತ್ತಾರೆ. 139 ಆಂಪಿಯರಿಗೆ 175ರ ಫ್ಯೂಸ್ ಅಥವಾ ಬ್ರೇಕರ್, ಅದಕ್ಕಿಂತ ಹೆಚ್ಚು ಹೊರುವ ಕೇಬಲ್. ಬಾವಿಯ ಪಂಪು ಸ್ಟಾರ್ಟ್ ಆಗುವಾಗ ಕರೆಂಟನ್ನು ಹಲವು ಪಟ್ಟು ಎಳೆಯುತ್ತದೆ. ಆಗ ಟ್ರಿಪ್ ಆಯಿತೆಂದು ವೈರು ಬದಲಿಸದೆ ದೊಡ್ಡ ಬ್ರೇಕರ್ ಕೂರಿಸಿದರೆ, ಮುಂದೆ ಹೊದಿಕೆ ಕರಗಿದರೂ ಅದು ಬೀಳುವುದಿಲ್ಲ. ದಯವಿಟ್ಟು ಅದೊಂದು ಕೆಲಸ ಮಾಡಿಸಬೇಡಿ.

ಮನೆಯ ಬೋರ್ಡಿನಲ್ಲಿರುವ ಎಸಿ ಎಂಸಿಬಿಯನ್ನು (ಸಣ್ಣ ಬ್ರೇಕರನ್ನು) ಬ್ಯಾಟರಿಗೆ ಹಾಕುವಂತಿಲ್ಲ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸಂಪರ್ಕ ಬಿಡಿಸುವಾಗ ಹುಟ್ಟುವ ಕಿಡಿ ಅಲ್ಲೇ ಆರುತ್ತದೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇದ್ದು ಬ್ರೇಕರನ್ನೇ ಸುಡಬಹುದು. ಬ್ರೇಕರಿನ ಮೈಮೇಲೆ ಡಿಸಿ ವೋಲ್ಟೇಜ್ ಬರೆದಿದೆಯೇ ನೋಡಿ. ಪ್ಲಸ್, ಮೈನಸ್ ಗುರುತಿದ್ದರೆ ಹಾಗೆಯೇ ಜೋಡಿಸಬೇಕು. ಶಾರ್ಟ್ ಆದಾಗ ಲಿಥಿಯಂ ಬ್ಯಾಟರಿ ಸಾವಿರಾರು ಆಂಪಿಯರ್ ಉಗುಳುತ್ತದೆ. ಅಷ್ಟನ್ನು ತಡೆಯುವ ಬ್ರೇಕರಿನ ತಾಕತ್ತು ಎಷ್ಟು ಕಿಲೋಆಂಪಿಯರ್ (ಸಾವಿರ ಆಂಪಿಯರ್) ಎಂಬುದೂ ಅಲ್ಲೇ ಬರೆದಿರುತ್ತದೆ.

ಕಡಲ ಗಾಳಿಗೆ ಮಲ್ಪೆ, ಉಳ್ಳಾಲದ ಕಡೆ ತಾಮ್ರದ ಲಗ್ಗಿಗೆ (ಬೋಲ್ಟಿಗೆ ಜೋಡಿಸಲು ವೈರಿನ ತುದಿಗೆ ಹಾಕುವ ಬಳೆಗೆ) ಬೇಗ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಹಿಡಿದ ಜಾಯಿಂಟಿನಲ್ಲಿ ರೆಸಿಸ್ಟೆನ್ಸ್ ಏರಿ ಅದೊಂದೇ ಜಾಗ ಬಿಸಿಯಾಗುತ್ತದೆ, ಕರೆಂಟ್ ಹೆಚ್ಚಾಗದ ಕಾರಣ ಬ್ರೇಕರಿಗೆ ಸುಳಿವೇ ಸಿಗುವುದಿಲ್ಲ. ತವರ ಲೇಪಿಸಿದ ಲಗ್ಗು ಹಾಕಿಸಿ, ಇಕ್ಕಳದಲ್ಲಿ ಅದುಮಿ ಬಿಡದೆ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ. ಮಳೆಗಾಲ ಕಳೆದ ಮೇಲೆ ಎಲ್ಲ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ನಿಂದ ಒಂದೊಂದು ಬೋಲ್ಟನ್ನೂ ಬಿಗಿ ಮಾಡಿಸಿ. ಫ್ಯೂಸು ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಇರಲಿ. ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರಿಗೆ ಬೇರೆ ರಕ್ಷಣೆ ಇಲ್ಲ.