ಕೊಳವೆಬಾವಿಯ ನೀರು ಜರ್ನಲ್ ಮುಟ್ಟುವ ಹೊತ್ತಿಗೆ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯೇನಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ವಯಸ್ಸಾದವರ ಬಿಗಿದುಕೊಂಡ ಬೆನ್ನು, ಮಂಡಿ ನೋಡಿದವರಿಗೆ ಅದು ಗೊತ್ತೇ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ರಿಯಾಯಿತಿ. ದಾವಣಗೆರೆಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಒಬ್ಬ ಸಂಶೋಧನಾರ್ಥಿ ಇಂಥ 40 ಹಳ್ಳಿಗಳ ನೀರು ತಂದು, ಅಳೆದು, ಪೇಪರ್ ಬರೆಯುತ್ತಾಳೆ ಎಂದುಕೊಳ್ಳೋಣ. ಒಂದು ಊರಿನ ಮುಂದೆ 1.4 ಎಂದು ಅಚ್ಚಾದರೆ ಅದು ರಿಯಾಯಿತಿಯ ಮಿತಿಯೊಳಗೆ, 1.6 ಎಂದಾದರೆ ಹೊರಗೆ. ಶುದ್ಧ ನೀರಿನ ಘಟಕ ನಮ್ಮೂರಿಗೆ ಬೇಕೆಂದು ಅರ್ಜಿ ಕೊಡುವವರು ನಾಳೆ ಆ ಅಂಕಿಯನ್ನೇ ತೋರಿಸುತ್ತಾರೆ. ಪ್ರಕಟಣೆಯ ನೀತಿನಿಯಮಗಳನ್ನು ಕಚೇರಿ ಫಾರಂ ತುಂಬುವ ಕೆಲಸವೆಂದು ತಿಳಿಯುವವರು ಈ ಊರನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹೊಣೆ ಶುರುವಾಗುವುದು ಬಾಟಲಿಯಿಂದ. ಫ್ಲೋರೈಡ್ ಗಾಜಿನೊಡನೆ ವರ್ತಿಸುವುದರಿಂದ ನೀರನ್ನು ಪಾಲಿಥಿನ್ ಬಾಟಲಿಯಲ್ಲಿ ತುಂಬುತ್ತಾರೆ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಇಳಿಬಿಡುವ ಮುನ್ನ ಮಾದರಿಗೆ ಸಾಮಾನ್ಯವಾಗಿ ಅಷ್ಟೇ ಪ್ರಮಾಣದ ಟಿಸಾಬ್ ಎಂಬ ಬಫರ್ ದ್ರಾವಣ ಬೆರೆಸುತ್ತಾರೆ. ನೀರಿನಲ್ಲಿ ಅಲ್ಯೂಮಿನಿಯಂ, ಕಬ್ಬಿಣ ಇದ್ದರೆ ಅವು ಫ್ಲೋರೈಡನ್ನು ಕಟ್ಟಿಹಾಕಿಕೊಂಡಿರುತ್ತವೆ. ಎಲೆಕ್ಟ್ರೋಡಿಗೆ ಕಾಣುವುದು ಬಿಡಿಯಾಗಿರುವ ಫ್ಲೋರೈಡ್ ಮಾತ್ರ. ಟಿಸಾಬ್ ಆ ಕಟ್ಟು ಬಿಡಿಸುತ್ತದೆ. ಅದನ್ನು ಬೆರೆಸುವುದು ಮರೆತರೆ ಕೆಟ್ಟ ನೀರೂ ಒಳ್ಳೆಯದೆಂದು ಕಾಣಬಹುದು. ಇನ್ನೊಂದು ಪರೀಕ್ಷೆಯಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಹತ್ತು ಪಟ್ಟಾದಾಗ ಮೀಟರಿನ ಓದು ಸುಮಾರು 59 ಮಿಲಿವೋಲ್ಟ್ ಬದಲಾಗಬೇಕು. 45 ಮಾತ್ರ ಬದಲಾದರೆ ಎಲೆಕ್ಟ್ರೋಡನ್ನೋ ದ್ರಾವಣಗಳನ್ನೋ ಮೊದಲು ಸರಿಪಡಿಸಬೇಕು. ಇದೆಲ್ಲ ಪೇಪರಿನ ವಿಧಾನ ಭಾಗದಲ್ಲಿ ಇರಬೇಕಾದ ಮಾತು. ‘ಪ್ರಮಾಣಿತ ವಿಧಾನದಂತೆ ಅಳೆಯಲಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಓದುವವರಿಗೆ ತಪ್ಪು ಹಿಡಿಯುವ ದಾರಿಯೇ ಇರುವುದಿಲ್ಲ. ಮೂರು ಮಾದರಿಗಳ ಓದು ಹೊಂದಲಿಲ್ಲವೆಂದು ಕೈಬಿಟ್ಟಿದ್ದರೆ ಅದನ್ನೂ, ಅದರ ಕಾರಣವನ್ನೂ ಬರೆಯಬೇಕು. ಸದ್ದಿಲ್ಲದೆ 37 ಎಂದು ಬರೆಯುವುದು ಸುಳ್ಳೇ.

ನೀರಿನ ಜೊತೆಗೆ ಶಾಲೆಯ ಮಕ್ಕಳ ಹಲ್ಲನ್ನೂ ನೋಡುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಕೆಲಸಕ್ಕೆ ಮೊದಲೇ ಕೈಯಲ್ಲಿರಬೇಕು. ಮಾಹಿತಿ ಕಲೆಹಾಕಿದ ಮೇಲೆ ಜರ್ನಲ್ ಕೇಳಿತೆಂದು ಹಿಂದಿನ ತಾರೀಕು ಹಾಕಿಸಿ ಪತ್ರ ತರುವುದು ಮೋಸ. ತಂದೆತಾಯಿಯ ಲಿಖಿತ ಸಮ್ಮತಿ ಬೇಕು, ತಿಳಿವಳಿಕೆಯಿರುವ ಮಗುವಿನ ಒಪ್ಪಿಗೆಯೂ ಬೇಕು. ಫೋಟೊದಲ್ಲಿ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕೆಂಬ ನಂಬಿಕೆ ತಪ್ಪು. ಊರ ಹೆಸರಿದ್ದು ಮುಖದ ಉಳಿದ ಭಾಗ ಕಂಡರೆ ನೂರು ಮನೆಯ ಹಳ್ಳಿಯಲ್ಲಿ ಯಾರ ಮನೆ ಮಗುವೆಂದು ಎಲ್ಲರಿಗೂ ತಿಳಿಯುತ್ತದೆ.

ಇನ್ನು ಹೆಸರಿನ ಪಟ್ಟಿ. ಹೆಚ್ಚು ಜಗಳ, ಹೆಚ್ಚು ಮೌನ ಎರಡೂ ಇಲ್ಲೇ. ‘ಸರ್ ಹೆಸರು ಹಾಕ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ’ ಎಂಬ ಅಂಜಿಕೆಯಲ್ಲಿ ಸೇರುವ ಹೆಸರುಗಳು ಎಷ್ಟೋ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ನಾಲ್ಕು ಷರತ್ತು ಹಾಕಿದೆ, ನಾಲ್ಕೂ ಒಟ್ಟಿಗೆ ಪೂರೈಸಬೇಕು: ಕೆಲಸದ ಯೋಜನೆಯಲ್ಲೋ ಮಾಹಿತಿಯ ಸಂಗ್ರಹ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು; ಬರೆಯುವುದರಲ್ಲೋ ವಿಮರ್ಶಿಸಿ ತಿದ್ದುವುದರಲ್ಲೋ ಪಾಲು; ಕೊನೆಯ ಪ್ರತಿಗೆ ಒಪ್ಪಿಗೆ; ನಾಳೆ ಪ್ರಶ್ನೆ ಎದ್ದರೆ ಉತ್ತರ ಕೊಡುವ ಹೊಣೆ. ನಾಲ್ಕನೆಯದು 2013ರಲ್ಲಿ ಸೇರಿತು, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಹಣ ಕೊಡಿಸಿದವರು, ವಿಭಾಗದ ಮುಖ್ಯಸ್ಥರು ಅಷ್ಟಕ್ಕೇ ಲೇಖಕರಾಗುವುದಿಲ್ಲ. ಅವರಿಗೆ ಕೃತಜ್ಞತೆಯ ಸಾಲು ಇದೆ. ಆದರೆ ಉರಿಬಿಸಿಲಲ್ಲಿ ನೀರು ತಂದು, ಓದುಗಳ ಏರುಪೇರು ಗುರುತಿಸಿದ ಲ್ಯಾಬ್ ಸಹಾಯಕನಿಗೆ ಕರಡು ಓದಿ ತಿದ್ದುವ ಅವಕಾಶವನ್ನೇ ಕೊಡದೆ, ಆಮೇಲೆ ‘ಅವನು ಬರೆದಿಲ್ಲ’ ಎಂದು ಹೆಸರು ಬಿಡುವುದು ಅನ್ಯಾಯ. ಯಾರ ಹೆಸರು, ಯಾವ ಕ್ರಮದಲ್ಲಿ ಎಂಬುದನ್ನು ಮೊದಲ ಮಾದರಿ ತರುವ ಮುನ್ನವೇ ಕಾಗದದ ಮೇಲೆ ಬರೆದಿಟ್ಟರೆ ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲ. ಚಾಟ್‌ಜಿಪಿಟಿಯಂಥ ಸಾಧನ ಲೇಖಕನಾಗಲಾರದು, ಅದು ಯಾವುದಕ್ಕೂ ಹೊಣೆ ಹೊರಲಾರದು. ಬಳಸಿದ್ದರೆ ಯಾವುದಕ್ಕೆ ಬಳಸಿದೆವೆಂದು ಹೇಳಬೇಕು.

ಅದೇ 40 ಬಾಟಲಿಗಳಿಂದ ಫ್ಲೋರೈಡಿಗೊಂದು, ನೈಟ್ರೇಟಿಗೊಂದು, ಗಡಸುತನಕ್ಕೊಂದು ಪೇಪರ್ ಕತ್ತರಿಸುವ ಆಸೆ ಬರುತ್ತದೆ. ಒಂದರಲ್ಲಿ ಇನ್ನೊಂದರ ಉಲ್ಲೇಖವಿಲ್ಲದಿದ್ದರೆ ಮುಂದೆ ಎಲ್ಲ ಅಧ್ಯಯನ ಕೂಡಿಸಿ ನೋಡುವವರು ಒಂದೇ ಕೊಳವೆಬಾವಿಯನ್ನು ಮೂರು ಸಲ ಎಣಿಸುತ್ತಾರೆ.

ಕೃತಿಚೌರ್ಯದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಪಿಎಚ್‌ಡಿಯಂಥ ಪದವಿಯ ಪ್ರಬಂಧಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 60 ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದು. ಸಾಫ್ಟ್‌ವೇರ್ ಪದಗಳ ಹೋಲಿಕೆ ಹಿಡಿಯುತ್ತದೆ, ಕದ್ದ ಕೋಷ್ಟಕವನ್ನು ಹಿಡಿಯುವ ಭರವಸೆಯಿಲ್ಲ.

ಪೇಪರ್ ಎಲ್ಲಿಗೆ ಕಳಿಸಬೇಕು? ‘ಮೂರು ದಿನದಲ್ಲಿ ಸ್ವೀಕಾರ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅನುಮಾನಿಸಿ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಪೇಪರನ್ನು 304 ಜರ್ನಲ್‌ಗಳಿಗೆ ಕಳಿಸಿದಾಗ 157 ಅದನ್ನು ಸ್ವೀಕರಿಸಿದವು. ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿರುವ ಐಎಸ್‌ಎಸ್‌ಎನ್ ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಅದು ಸರಿಯಾದ ಸಂಖ್ಯೆಯೇ ಎಂದು ಕಾಗದದ ಮೇಲೇ ನೋಡಬಹುದು. ಬೆಂಗಳೂರಿನಿಂದ ಬರುವ ‘ಕರೆಂಟ್ ಸೈನ್ಸ್’ನದು 0011-3891. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ: 6, 5, 12, 24, 18 ಸೇರಿ 65. ಅದನ್ನು 11ರಿಂದ ಭಾಗಿಸಿದರೆ ಶೇಷ 10. 11ರಲ್ಲಿ 10 ಕಳೆದರೆ 1. ಕೊನೆಯ ಅಂಕಿ ಅದೇ. ಲೆಕ್ಕ ತಾಳೆಯಾಗದಿದ್ದರೆ ಸಂಖ್ಯೆ ಸುಳ್ಳು. ತಾಳೆಯಾದರೂ ಕೆಲಸ ಮುಗಿಯಲಿಲ್ಲ, ಒಳ್ಳೆಯ ಜರ್ನಲ್‌ನ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಕಲಿ ತಾಣ ನಡೆಸುವವರಿದ್ದಾರೆ. ಸಂಪಾದಕ ಮಂಡಳಿಯಲ್ಲಿ ಹೆಸರಿರುವವರ ವಿಶ್ವವಿದ್ಯಾಲಯದ ಪುಟ ತೆರೆದು ಅಲ್ಲೂ ಆ ಜರ್ನಲ್ ಇದೆಯೇ ನೋಡಿ. ಯುಜಿಸಿ 2025ರಲ್ಲಿ ಒಪ್ಪಿತ ಜರ್ನಲ್‌ಗಳ ತನ್ನ ‘ಕೇರ್’ ಪಟ್ಟಿಯನ್ನು ನಿಲ್ಲಿಸಿದ ಮೇಲೆ ಈ ಕೆಲಸ ಕಾಲೇಜುಗಳ ತಲೆಯ ಮೇಲೇ ಬಂದಿದೆ.

ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಾರದು; ಜರ್ನಲ್ ಪರವಾಗಿ ಅದನ್ನು ಓದಿ ತೂಗುವ ಪರಿಶೀಲಕರು ಬಹುಪಾಲು ಸಂಬಳವಿಲ್ಲದೆ ಓದುವವರು. ಪರಿಶೀಲಕರಿಗೂ ಕಟ್ಟುಪಾಡಿದೆ: ತಮ್ಮ ಕೈಗೆ ಬಂದ ಹಸ್ತಪ್ರತಿ ಗುಟ್ಟಿನ ವಸ್ತು. ಸಂಪಾದಕರನ್ನು ಕೇಳದೆ ಅದನ್ನು ಶಿಷ್ಯರಿಗೆ ದಾಟಿಸುವಂತಿಲ್ಲ, ಗೋಪ್ಯತೆಯ ಖಾತ್ರಿಯಿಲ್ಲದ ಚಾಟ್‌ಬಾಟ್‌ಗೆ ಹಾಕುವಂತಿಲ್ಲ. ಲೇಖಕರು ಸೂಚಿಸಿದ ಪರಿಶೀಲಕನ ಇಮೇಲ್ ಜಿಮೇಲ್ ಆಗಿದ್ದರೆ ಸಂಪಾದಕರು ಆ ವ್ಯಕ್ತಿಯ ಸಂಸ್ಥೆಯ ವಿಳಾಸ ಹುಡುಕಬೇಕು. ಲೇಖಕರೇ ಸುಳ್ಳು ಖಾತೆ ತೆರೆದು ತಮ್ಮ ಪೇಪರಿಗೆ ತಾವೇ ಶಹಬ್ಬಾಸ್ ಎಂದದ್ದುಂಟು.

ಅಚ್ಚಾದ ಮೇಲೂ ಹೊಣೆ ಇಳಿಯುವುದಿಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ, 12 ಮಕ್ಕಳ ಮೇಲಿನ ಆಂಡ್ರ್ಯೂ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂತು, ಪೂರ್ತಿ ಹಿಂಪಡೆದದ್ದು 2010ರಲ್ಲಿ. ಆ ನಡುವೆ ಮಕ್ಕಳಿಗೆ ಲಸಿಕೆ ತಪ್ಪಿಸಿದ ಮನೆಗಳಿವೆ. ಆದರೆ ಹಿಂಪಡೆಯುವುದೆಲ್ಲ ಮೋಸಕ್ಕೆ ಶಿಕ್ಷೆಯಲ್ಲ. ಪ್ರಾಮಾಣಿಕ ತಪ್ಪಿಗೂ ಹಿಂಪಡೆಯಬಹುದು, ಸಣ್ಣದಾದರೆ ತಿದ್ದುಪಡಿ ಸಾಕು.

ನಮ್ಮ ಸಂಶೋಧನಾರ್ಥಿಗೆ ಆರು ತಿಂಗಳ ಮೇಲೆ ಲ್ಯಾಬ್ ಪುಸ್ತಕದಲ್ಲಿ ಒಂದು ದಿನದ ಎಂಟು ಮಾದರಿಗಳಿಗೆ ಟಿಸಾಬ್ ಬೆರೆಸಿದ ದಾಖಲೆಯೇ ಇಲ್ಲವೆಂದು ಕಂಡಿತು ಎನ್ನೋಣ. ಮೊದಲು ಸಹಲೇಖಕರಿಗೆ ತಿಳಿಸಬೇಕು. ಆ ಎಂಟೂ ಊರಿಗೆ ಹೋಗಿ ಮತ್ತೆ ನೀರು ತಂದು ಅಳೆಯಬೇಕು, ಇದು ಬೇರೆ ದಿನದ ನೀರೆಂದು ಒಪ್ಪಿಕೊಳ್ಳಬೇಕು. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಯಾವ ಕೋಷ್ಟಕ, ಯಾವ ಸಾಲು, ಹಳೆಯ ಅಂಕಿ, ಹೊಸ ಅಂಕಿ, ತೀರ್ಮಾನ ಬದಲಾಯಿತೇ ಎಂಬುದಿರಬೇಕು. ಅದರದೊಂದು ಪ್ರತಿ, ಕನ್ನಡದಲ್ಲಿ, ಆ ಎಂಟು ಊರುಗಳ ಗ್ರಾಮ ಪಂಚಾಯಿತಿಗಳಿಗೂ ಹೋಗಬೇಕು.