ಹಳೆಯ ಶಾರ್ಟ್‌ವೇವ್ ಸೆಟ್ಟು ಕೈಗೆ ಬಂದಾಗ: ಪ್ಲಗ್ ಹಾಕುವ ಮೊದಲಿನ ಪಾಠಗಳು

ಹಳೆಯ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರುಗಳ ಬದಲು ಗಾಜಿನ ನಳಿಕೆಗಳಿಂದ ದುಡಿಯುವುದು) ತಂದ ದಿನ ಎಲ್ಲರ ಕೈಯೂ ಪ್ಲಗ್ಗಿನ ಕಡೆಗೇ ಹೋಗುತ್ತದೆ. ಒಂದ್ಸಲ ಹಾಕಿ ನೋಡೋಣ, ಮಾತಾಡುತ್ತೋ ಇಲ್ಲವೋ ಅನ್ನುವ ಆಸೆ. ದಶಕಗಟ್ಟಲೆ ಸುಮ್ಮನೆ ಕೂತಿದ್ದ ಸೆಟ್ಟಿಗೆ ಆ ಒಂದು ಸಲವೇ ಸಾಕು, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಲು. ರಿಪೇರಿಯಲ್ಲಿ ಮೊದಲು ಕಲಿಯಬೇಕಾದದ್ದು ಕೈ ಕಟ್ಟಿ ಕೂರುವುದನ್ನು.

ಎರಡನೆಯ ತಪ್ಪು, ಕಣ್ಣಿಗೆ ಕಾಣುವ ವಾಲ್ವುಗಳನ್ನು ಅನುಮಾನಿಸುವುದು. ವಾಲ್ವು ಗಟ್ಟಿ ಜೀವ. ಎಷ್ಟೋ ಸೆಟ್ಟುಗಳಲ್ಲಿ ಮೂಲದ ವಾಲ್ವುಗಳೇ ಇನ್ನೂ ದುಡಿಯುತ್ತಿವೆ. ಕೆಡುವುದು ಷಾಸಿಯ, ಅಂದರೆ ಲೋಹದ ಚೌಕಟ್ಟಿನ, ಕೆಳಗೆ ಅಡಗಿರುವ ಮೇಣದ ಲೇಪದ ಪೇಪರ್ ಕೆಪಾಸಿಟರುಗಳು. ಕಾಗದ ತೇವ ಹೀರುತ್ತದೆ, ತಡೆಯಬೇಕಾದ ಡಿಸಿಯನ್ನು (ಒಂದೇ ದಿಕ್ಕಿನ ಕರೆಂಟನ್ನು) ಸೋರಿಸುತ್ತದೆ. ಎಲೆಕ್ಟ್ರೋಲೈಟಿಕ್ ಎಂಬ ಇನ್ನೊಂದು ಬಗೆಯ ಕೆಪಾಸಿಟರುಗಳು ಒಣಗುತ್ತವೆ. ಕಾರ್ಬನ್ ರೆಸಿಸ್ಟರುಗಳ ಓಮ್ ಮೌಲ್ಯ ವರ್ಷಗಳು ಕಳೆದಂತೆ ಮೇಲೇರುತ್ತದೆ. ರಬ್ಬರ್ ಹೊದಿಕೆಯ ವೈರನ್ನು ಮುಟ್ಟಿದರೆ ಪುಡಿ ಉದುರುತ್ತದೆ. ಇವು ಯಾರೋ ಕೆಡಿಸಿದ್ದಲ್ಲ, ವಯಸ್ಸಿನ ಕೆಲಸ.

ಒಂದು ಕೆಪಾಸಿಟರಿನ ಲೆಕ್ಕ

ಎಲ್ಲ ಕೆಪಾಸಿಟರುಗಳೂ ಒಂದೇ ಅಲ್ಲ. ಔಟ್‌ಪುಟ್ ವಾಲ್ವಿನ (ಸ್ಪೀಕರ್ ಓಡಿಸುವ ಕೊನೆಯ ವಾಲ್ವಿನ) ಗ್ರಿಡ್ಡಿಗೆ, ಅಂದರೆ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ, ಧ್ವನಿಯನ್ನು ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಎಲ್ಲಕ್ಕಿಂತ ಅಪಾಯಕಾರಿ. ಲೆಕ್ಕ ಮಾಡಿ ನೋಡೋಣ. ಹಿಂದಿನ ವಾಲ್ವಿನ ಪ್ಲೇಟಿನಲ್ಲಿ (ಎಲೆಕ್ಟ್ರಾನುಗಳು ಬಂದು ಸೇರುವ ತಗಡಿನಲ್ಲಿ) 100 ವೋಲ್ಟ್ ಇದೆ. ಔಟ್‌ಪುಟ್ ಗ್ರಿಡ್ಡಿನಿಂದ ನೆಲಕ್ಕೆ 470 ಕಿಲೋ ಓಮ್ ರೆಸಿಸ್ಟರ್ ಇದೆ. ಕೆಪಾಸಿಟರಿನ ಸೋರಿಕೆ 20 ಮೆಗಾ ಓಮ್‌ನಷ್ಟು ಎಂದುಕೊಳ್ಳಿ. ಮಲ್ಟಿಮೀಟರಿನ ಓಮ್ ಪರೀಕ್ಷೆಯಲ್ಲಿ ಇದು ಚೆನ್ನಾಗಿಯೇ ಇದೆ ಅನ್ನಿಸಬಹುದು, ಏಕೆಂದರೆ ಮೀಟರು ಒಂದೆರಡು ವೋಲ್ಟಿನಲ್ಲಿ ಅಳೆಯುತ್ತದೆ, ಸೋರಿಕೆ ಬಯಲಾಗುವುದು ನೂರು ವೋಲ್ಟಿನಲ್ಲಿ. ಗ್ರಿಡ್ಡಿನ ಮೇಲೆ ಬೀಳುವುದು 100 × 0.47 ÷ 20.47, ಅಂದರೆ ಸುಮಾರು 2.3 ವೋಲ್ಟ್ ಪಾಸಿಟಿವ್. ಅಲ್ಲಿ ಶೂನ್ಯ ಇರಬೇಕಿತ್ತು. ವಾಲ್ವು ಹೆಚ್ಚು ಕರೆಂಟ್ ಎಳೆಯುತ್ತದೆ, ಸೆಟ್ಟು ಬಿಸಿಯೇರುತ್ತದೆ, ಬಿಸಿಗೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಕೊನೆಗೆ ಹೋಗುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಸಣ್ಣದೊಂದು ಕೆಪಾಸಿಟರಿನ ತಪ್ಪಿಗೆ ಸುಲಭವಾಗಿ ಸಿಗದ ದೊಡ್ಡ ಭಾಗ ಬಲಿಯಾಗುತ್ತದೆ.

ಪರೀಕ್ಷೆಯ ಸಮಯದಲ್ಲಿ ಗ್ರಿಡ್ಡಿನಲ್ಲಿ ಪಾಸಿಟಿವ್ ವೋಲ್ಟೇಜ್ ಕಂಡರೆ, ಸೆಟ್ಟು ಆರಿಸಿ ಔಟ್‌ಪುಟ್ ವಾಲ್ವನ್ನು ಕಿತ್ತು, ಸೆಟ್ಟನ್ನು ಮತ್ತೆ ಹಾಕಿ ಅಳೆಯಿರಿ. ವೋಲ್ಟೇಜ್ ಉಳಿದಿದ್ದರೆ ಕಳ್ಳ ಕೆಪಾಸಿಟರ್. ಮಾಯವಾದರೆ ವಾಲ್ವಿನೊಳಗೇ ಗ್ಯಾಸ್ ಸೇರಿದೆ. ಹೀಟರುಗಳನ್ನು (ವಾಲ್ವುಗಳನ್ನು ಕಾಯಿಸುವ ತಂತಿಗಳನ್ನು) ಸಾಲಾಗಿ ಜೋಡಿಸಿರುವ ಸೆಟ್ಟಿನಲ್ಲಿ ಈ ಉಪಾಯ ನಡೆಯದು, ಒಂದು ವಾಲ್ವು ಕಿತ್ತರೆ ಎಲ್ಲವೂ ಆರುತ್ತವೆ. ಅಲ್ಲಿ ಕೆಪಾಸಿಟರಿನ ಒಂದು ಕಾಲಿನ ಬೆಸುಗೆ ಬಿಡಿಸಿ ನೋಡಬೇಕು.

ನನ್ನ ಮಟ್ಟಿಗೆ ಪೇಪರ್ ಕೆಪಾಸಿಟರುಗಳನ್ನು ಅಳೆದು ಆರಿಸುತ್ತ ಕೂರುವುದೇ ದಂಡ. ಎಲ್ಲವನ್ನೂ ಬದಲಿಸಿ, ಆದರೆ ಒಂದೊಂದಾಗಿ. ಹಳೆಯ 0.05 ಮೈಕ್ರೋ ಫ್ಯಾರಡ್‌ಗೆ ಇಂದಿನ 0.047, ಎಲೆಕ್ಟ್ರೋಲೈಟಿಕ್ ಆದರೆ ಹಳೆಯ 8ಕ್ಕೆ 10, ಫಿಲ್ಮ್ ಕೆಪಾಸಿಟರಾದರೆ 630 ವೋಲ್ಟಿನದು. ಹಳೆಯ ನಕ್ಷೆಗಳಲ್ಲಿ ಎರಡು ಬಾರಿ 'ಮೈಕ್ರೋ' ಬರೆದಿದ್ದರೆ ಅದು ಪಿಕೋ ಫ್ಯಾರಡ್. ಮೈನ್ಸ್ ತಂತಿಗಳ ನಡುವಿನ ಕೆಪಾಸಿಟರಿಗೆ ಮಾತ್ರ ಎಕ್ಸ್ ದರ್ಜೆಯದೇ (ಮೈನ್ಸಿಗೆಂದೇ ಮಾಡಿದ ಸುರಕ್ಷಿತ ಬಗೆ) ಬೇಕು. ಹೊರನೋಟ ಕೆಡಬಾರದು ಅನ್ನುವ ಸಂಗ್ರಾಹಕರು ಹಳೆಯ ಕೊಳವೆಯನ್ನು ಬಿಸಿ ಮಾಡಿ ಒಳಗಿನದನ್ನು ತೆಗೆದು, ಹೊಸದನ್ನು ಅದರೊಳಗೇ ಕೂರಿಸಿ ಮೇಣ ಹಾಕುತ್ತಾರೆ. ತಾಳ್ಮೆ ಇದ್ದವರಿಗೆ.

ಮೊದಲ ಕರೆಂಟು

ಸೆಟ್ಟಿನ ಜೊತೆ ಸಾಲಾಗಿ 60 ವಾಟಿನ ಹಳೆಯ ಮಾದರಿಯ ಫಿಲಮೆಂಟ್ ಬಲ್ಬ್ ಹಾಕಿ (ಎಲ್‌ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬಾರದು). ಬಲ್ಬು ಒಮ್ಮೆ ಉರಿದು ಮಂಕಾದರೆ ಸರಿ. ಪೂರ್ತಿ ಬೆಳಕಾಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆರಿಸಿ. ಒಳಗೆ 250 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು.

1946ರ ಹ್ಯಾಲಿಕ್ರಾಫ್ಟರ್ಸ್ ಎಸ್-38ರಂತಹ ಸೆಟ್ಟುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲ. ಮೈನ್ಸಿನ ಒಂದು ತಂತಿಗೂ ಷಾಸಿಗೂ ನೇರ ಸಂಬಂಧ. ಐಸೋಲೇಶನ್ ಟ್ರಾನ್ಸ್‌ಫಾರ್ಮರ್ (ಸೆಟ್ಟನ್ನು ಮೈನ್ಸಿನಿಂದ ಬೇರ್ಪಡಿಸುವುದು) ಇಲ್ಲದೆ ಅಂಥದ್ದನ್ನು ಮೇಜಿನ ಮೇಲೆ ಬಿಚ್ಚಬೇಡಿ. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ದೋಷವಲ್ಲದ ದೋಷ

ಸೆಟ್ಟು ಮಾತಾಡಿತು. ಆದರೆ ಒಂದೇ ಸ್ಟೇಷನ್ ಡಯಲಿನಲ್ಲಿ ಎರಡು ಕಡೆ ಬರುತ್ತಿದೆ. ಇದು ಕೆಟ್ಟದ್ದಲ್ಲ, ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೋಡೈನ್ ವಿಧಾನದ ಹುಟ್ಟುಗುಣ. 15 ಮೆಗಾ ಹರ್ಟ್ಸ್‌ಗೆ ಟ್ಯೂನ್ ಮಾಡಿದಾಗ ಒಳಗೆ ತರಂಗ ಹುಟ್ಟಿಸುವ ಆಸಿಲೇಟರ್ 15.455ರಲ್ಲಿ ಓಡುತ್ತದೆ, ಮಿಕ್ಸರ್ ಎರಡನ್ನೂ ಬೆರೆಸುತ್ತದೆ, ವ್ಯತ್ಯಾಸ 455 ಕಿಲೋ ಹರ್ಟ್ಸ್, ಅದನ್ನೇ ಐಎಫ್ (ಮಧ್ಯಂತರ ಆವರ್ತನ) ಅನ್ನುವುದು. ಆದರೆ 15.910ರಲ್ಲಿರುವ ಸ್ಟೇಷನ್ನಿಗೂ ಆಸಿಲೇಟರಿಗೂ ಇರುವ ವ್ಯತ್ಯಾಸ ಅಷ್ಟೇ. ಅದೂ ಒಳಗೆ ಬರುತ್ತದೆ. ಇದಕ್ಕೆ ಇಮೇಜ್ ಎಂದು ಹೆಸರು.

ಮೀಡಿಯಂ ವೇವ್‌ನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. 1 ಮೆಗಾ ಹರ್ಟ್ಸ್‌ನ ಇಮೇಜ್ ಇರುವುದು 1.91ರಲ್ಲಿ, ಸುಮಾರು ಎರಡರಷ್ಟು ದೂರ. ಮುಂಭಾಗದ ಟ್ಯೂನ್ ಸರ್ಕ್ಯೂಟ್ ಸುಲಭವಾಗಿ ತಡೆಯುತ್ತದೆ. 15ರಲ್ಲಾದರೆ ಅಂತರ ಶೇಕಡಾ 6 ಮಾತ್ರ. ಅದಕ್ಕೇ ಒಳ್ಳೆಯ ರಿಸೀವರುಗಳಲ್ಲಿ ಮಿಕ್ಸರಿಗೆ ಮೊದಲು ಒಂದೆರಡು ಆರ್‌ಎಫ್ ಹಂತಗಳು, ಅಂದರೆ ಬೇಕಾದ ಸ್ಟೇಷನ್ನನ್ನು ಆರಿಸಿ ಬಲಗೊಳಿಸುವ ಭಾಗಗಳು, ಇರುತ್ತವೆ. ಇದು ತಿಳಿಯದೆ ಇಲ್ಲದ ದೋಷ ಹುಡುಕುತ್ತ ಎಷ್ಟೋ ಸಂಜೆಗಳು ಹೋಗುತ್ತವೆ.

ಸಂಗ್ರಹಿಸುವವರಿಗೆ ಎರಡು ಮಾತು

ಹಾಡುವ ಸೆಟ್ಟಿಗಿಂತ ಪೂರ್ತಿ ಇರುವ ಸೆಟ್ಟು ಮೇಲು. ಕೆಪಾಸಿಟರ್ ಎಲ್ಲಿಯೂ ಸಿಗುತ್ತದೆ. ಡಯಲ್ ಗಾಜು, ನಾಬು, ಕಾಯಿಲ್ ಸಿಗುವುದಿಲ್ಲ. ನ್ಯಾಷನಲ್ ಕಂಪನಿಯ ಎಚ್‌ಆರ್‌ಓದಲ್ಲಿ (1935) ಪ್ರತಿ ಬ್ಯಾಂಡಿಗೂ ಬೇರೆ ಕಾಯಿಲ್ ಪೆಟ್ಟಿಗೆಯನ್ನು ಮುಂದಿನಿಂದ ಸಿಕ್ಕಿಸಬೇಕು. ಆ ಪೆಟ್ಟಿಗೆಗಳಿಲ್ಲದೆ ಕೊಂಡರೆ ಅರ್ಧ ರೇಡಿಯೋ ಕೊಂಡಂತೆ. ಜೆನಿತ್ ಟ್ರಾನ್ಸ್-ಓಷಿಯಾನಿಕ್‌ನ ವಾಲ್ವ್ ಮಾದರಿಗಳಲ್ಲಿ ಹಲವಕ್ಕೆ 1ಎಲ್6 ಎಂಬ ಅಪರೂಪದ ವಾಲ್ವು ಬೇಕು. ಅದು ಇದೆಯೇ ಎಂದು ಮೊದಲು ನೋಡಿ. ಕಾಲಿನ್ಸ್ ಆರ್-390ಎ ಎಲ್ಲರ ಕನಸು ಸರಿ, ಆದರೆ ಒಳಗೆ ಗಡಿಯಾರದಂತೆ ಗೇರುಗಳು, ಇಪ್ಪತ್ತಕ್ಕೂ ಹೆಚ್ಚು ವಾಲ್ವುಗಳು. ಕಲಿಯುವವರ ಮೊದಲ ಸೆಟ್ಟು ಅದಾಗಬಾರದು.

ಟ್ರಾನ್ಸಿಸ್ಟರ್ ಸೆಟ್ಟುಗಳಿಗೂ ಮುಪ್ಪು ಬಂದಿದೆ. 1960ರ ದಶಕದ ಎಎಫ್117 ಬಳಗದ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಒಳಗೆ ತವರದ ಕೂದಲೆಳೆಗಳು ಬೆಳೆದು ಲೋಹದ ಕವಚಕ್ಕೆ ತಾಗುತ್ತವೆ. ಕವಚದ ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಕೆಲವೊಮ್ಮೆ ಸೆಟ್ಟು ಎದ್ದು ಕೂರುತ್ತದೆ.

ತಿರುಪುಗಳು

ಐಎಫ್ ಡಬ್ಬಿಗಳ (ಐಎಫ್ ಆವರ್ತನಕ್ಕೆ ಹೊಂದಿಸಿದ ಕಾಯಿಲುಗಳಿರುವ ಲೋಹದ ಡಬ್ಬಿಗಳ) ತಿರುಪುಗಳನ್ನು ಕೊನೆಯವರೆಗೂ ಮುಟ್ಟಬೇಡಿ. ನನ್ನ ಮೊದಲ ಸೆಟ್ಟಿನಲ್ಲಿ 'ಸಡಿಲವಾಗಿವೆ' ಎಂದು ಎಲ್ಲವನ್ನೂ ಬಿಗಿ ಮಾಡಿದ್ದೆ. ಕ್ಷೀಣವಾಗಿ ಬರುತ್ತಿದ್ದದ್ದೂ ನಿಂತಿತು. ಸೋರುವ ಕೆಪಾಸಿಟರುಗಳನ್ನು ಬದಲಿಸಿದ ಮೇಲೆ, ಸೆಟ್ಟು ಅರ್ಧ ಗಂಟೆ ಬಿಸಿಯಾದ ಮೇಲೆ, ಸಿಗ್ನಲ್ ಜನರೇಟರಿನ ಸಣ್ಣ ಸಿಗ್ನಲಿಗೆ ಮಾತ್ರ ಹೊಂದಿಸಬೇಕು; ಸಿಗ್ನಲ್ ದೊಡ್ಡದಾದರೆ ಎವಿಸಿ (ಧ್ವನಿಯ ಮಟ್ಟವನ್ನು ತಾನಾಗಿ ಸರಿದೂಗಿಸುವ ವ್ಯವಸ್ಥೆ) ಅದನ್ನು ತಾನೇ ಅದುಮಿ ಶಿಖರವನ್ನು ಮರೆಮಾಚುತ್ತದೆ. ಲೋಹದ ಸ್ಕ್ರೂಡ್ರೈವರ್ ಬೇಡ.

ಐಎಫ್ ಆದ ಮೇಲೆ ಆಸಿಲೇಟರ್: ಬ್ಯಾಂಡಿನ ಮೇಲ್ತುದಿಯಲ್ಲಿ ಟ್ರಿಮ್ಮರ್, ಕೆಳತುದಿಯಲ್ಲಿ ಪ್ಯಾಡರ್ (ಎರಡೂ ತಿರುಪಿನಿಂದ ಹೊಂದಿಸುವ ಸಣ್ಣ ಕೆಪಾಸಿಟರುಗಳು) ಅಥವಾ ಕಾಯಿಲಿನ ತಿರುಳು. ಒಂದನ್ನು ತಿರುಗಿಸಿದರೆ ಇನ್ನೊಂದು ಜಾರುತ್ತದೆ, ಎರಡು ಮೂರು ಸುತ್ತು ಬೇಕು. ಶಾರ್ಟ್‌ವೇವ್‌ನಲ್ಲಿ ಟ್ರಿಮ್ಮರ್ ತಿರುಗಿಸುವಾಗ ಸಿಗ್ನಲ್ ಎರಡು ಸ್ಥಾನಗಳಲ್ಲಿ ಬರಬಹುದು. ಆಸಿಲೇಟರ್ ಮೇಲಿನ ಬದಿಯಲ್ಲಿ ಓಡುವ ಸೆಟ್ಟಿನಲ್ಲಿ ಟ್ರಿಮ್ಮರ್ ಹೆಚ್ಚು ಸಡಿಲವಾಗಿರುವ ಸ್ಥಾನವೇ ಸರಿ. ಖಾತ್ರಿಗೆ ಡಬ್ಲ್ಯೂಡಬ್ಲ್ಯೂವಿಯಂತಹ ಸಮಯ ಸಾರುವ ಕೇಂದ್ರದ ಟಿಕ್ ಟಿಕ್ ಸದ್ದನ್ನು 10 ಮೆಗಾ ಹರ್ಟ್ಸ್‌ನಲ್ಲಿ ಹಿಡಿಯಿರಿ, ಅದು ಸಿಗದಿದ್ದರೆ ಜನರೇಟರನ್ನೇ ಅಲ್ಲಿಗಿಡಿ. ನಂತರ ಸೂಜಿಯನ್ನು 9.09ಕ್ಕೆ ತನ್ನಿ. ಅಲ್ಲಿ ಅದೇ ಸದ್ದು ಮಂಕಾಗಿ ಕೇಳಿಸಿದರೆ ಟ್ರಿಮ್ಮರ್ ಸರಿಯಾದ ಬದಿಯಲ್ಲಿದೆ. ಅಲ್ಲಿ ಏನೂ ಇಲ್ಲದೆ 10.91ರಲ್ಲಿ ಕೇಳಿಸಿದರೆ ಟ್ರಿಮ್ಮರನ್ನು ಸಡಿಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿ.